ಮಗ್ಗ ಹಿಡಿಸದ ಮನೆಗಳು

ಕರ್ನಾಟಕದ ಬಡವರ ಮನೆಗಳ ಚರಿತ್ರೆಯನ್ನು ಬರೆಯಹೊರಟವರು ಮೊದಲು ಆ ಯೋಜನೆಗಳ ಹೆಸರುಗಳನ್ನು ಓದಬೇಕು. ದೇವರಾಜ ಅರಸು ಅವರ ಕಾಲದಲ್ಲಿ 'ಜನತಾ ಮನೆ' ಬಂತು. ಎಂಬತ್ತರ ದಶಕದ ನಡುವಿನಲ್ಲಿ 'ಇಂದಿರಾ ಆವಾಸ್', ತೊಂಬತ್ತರ ದಶಕದ ಆರಂಭದಲ್ಲಿ 'ಆಶ್ರಯ', 2010ರ ಸುಮಾರಿಗೆ 'ಬಸವ ವಸತಿ', ಆಮೇಲೆ ಅಂಬೇಡ್ಕರ್, ದೇವರಾಜ ಅರಸು, ವಾಜಪೇಯಿ ಹೆಸರಿನವು, 2016ರಲ್ಲಿ 'ಪ್ರಧಾನಮಂತ್ರಿ ಆವಾಸ್'. 'ಜನತಾ', 'ಆಶ್ರಯ' ಎರಡನ್ನು ಬಿಟ್ಟರೆ ಉಳಿದವೆಲ್ಲ ಕೊಡುವವರ ಇಲ್ಲವೇ ಕೊಡುವವರು ಪೂಜಿಸುವವರ ಹೆಸರುಗಳು. ಆ ಮನೆಯಲ್ಲಿ ಬದುಕುವವರಿಗೆ ನಮ್ಮ ಆಡಳಿತ ಕೊಟ್ಟಿರುವ ಹೆಸರು ಒಂದೇ: ಫಲಾನುಭವಿ. ಅಂದರೆ ಬೇರೆ ಯಾರೋ ಬೆಳೆದ ಮರದ ಹಣ್ಣನ್ನು ತಿನ್ನುವವರು. ಇಟ್ಟಿಗೆ ಹೊರುವವರು, ಗಾರೆ ಕಲಸುವವರು, ಸಾಲ ಮಾಡಿ ಚಾವಣಿ ಹಾಕಿಸುವವರು ಅವರೇ ಆಗಿದ್ದರೂ ಕಡತದಲ್ಲಿ ಅವರು ತಿನ್ನುವವರು ಮಾತ್ರ.

ಇದು ಬರಿಯ ಶಬ್ದದ ಜಗಳವಲ್ಲ. ಮನೆಯನ್ನು ಯಾರು ಯೋಚಿಸುತ್ತಾರೆ ಎಂಬುದು ಆ ಮನೆಯ ಗೋಡೆಯಲ್ಲಿ, ಎತ್ತರದಲ್ಲಿ, ಬಾಗಿಲಿನ ದಿಕ್ಕಿನಲ್ಲಿ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸಬಹುದು ಎನಿಸುತ್ತದೆ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ, ಕುರಿ, ಕಂಬಳಿ, ರೇಷ್ಮೆ ಸೀರೆ, ಇವುಗಳ ಮೇಲೆ ನಿಂತ ಬದುಕು. ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆದಾಗ ಶಿಲಾಯುಗದ ಜನವಸತಿಯ ಗುರುತುಗಳು ಸಿಕ್ಕಿದವು. ಅಶೋಕ ತನ್ನ ಶಾಸನವನ್ನು ಕಲ್ಲಿನ ಮೇಲೆ ಕೆತ್ತಿಸುವಷ್ಟು ಜನ ಇಲ್ಲಿದ್ದರು. ಹೀಗೆ ಸಾವಿರಾರು ವರ್ಷಗಳಿಂದ ಮನೆ ಕಟ್ಟಿಕೊಂಡು ಬಂದವರಿಗೆ ಮನೆ ಹೇಗಿರಬೇಕೆಂದು ಇವತ್ತು ಒಂದು ನಕಾಶೆ ಹೇಳಿಕೊಡುತ್ತಿದೆ.

ಈ ಸೀಮೆಯ ಹಳೆಯ ಮನೆಯೆಂದರೆ ಮಾಳಿಗೆ ಮನೆ. ಕಲ್ಲು ಇಲ್ಲವೇ ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಅದರ ಮೇಲೆ ಮಣ್ಣಿನ ಚಪ್ಪಟೆ ಚಾವಣಿ, ಬೆಳಕಿಗೆ ಒಂದು ಗವಾಕ್ಷಿ. ಬೇಸಿಗೆಯ ಉರಿಯನ್ನು ಈ ಗೋಡೆ ಒಳಗೆ ಬಿಡುತ್ತಿರಲಿಲ್ಲ. ಮಳೆ ಕಡಿಮೆಯಾದ್ದರಿಂದ ಮಣ್ಣಿನ ಚಾವಣಿಗೆ ಅಪಾಯವೂ ಕಡಿಮೆ. ಮಾಳಿಗೆಯ ಮೇಲೆ ಕಾಳು ಒಣಗಿಸುತ್ತಿದ್ದರು, ಸೆಕೆಯ ರಾತ್ರಿಗಳಲ್ಲಿ ಅಲ್ಲೇ ಮಲಗುತ್ತಿದ್ದರು. ಇನ್ನು ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳ ಲೆಕ್ಕವೇ ಬೇರೆ. ಅಲ್ಲಿ ಮನೆಯೆಂಬುದು ಮನುಷ್ಯರಿಗಷ್ಟೇ ಅಲ್ಲ. ಕುರಿಯ ರೊಪ್ಪ, ದೇವರ ಎತ್ತುಗಳು, ಮುಳ್ಳಿನ ಬೇಲಿ, ನಡುವಿನ ಬಯಲು ಎಲ್ಲ ಸೇರಿ ಹಟ್ಟಿ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಬಾಳಿದ್ದು ಇಂಥ ಹಟ್ಟಿಯ ಬದುಕಿನಲ್ಲಿ.

ಮೊಳಕಾಲ್ಮೂರಿನ ನೇಕಾರರ ಮನೆ ಇನ್ನೊಂದು ಬಗೆಯದು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಸೀರೆ ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಮನೆಯ ನೆಲದಲ್ಲಿ. ಗುಂಡಿ ತೋಡಿ, ಕಾಲುಗಳನ್ನು ಅದರೊಳಗೆ ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಗುಂಡಿಯ ತಂಪು ಈ ಒಣ ಸೀಮೆಯಲ್ಲಿ ರೇಷ್ಮೆಯ ಎಳೆ ತುಂಡಾಗದಂತೆ ಕಾಯುತ್ತದೆ. ವಿನ್ಯಾಸ ತೆಗೆಯುವ ಜಕಾರ್ಡ್ ಯಂತ್ರ ಮಗ್ಗದ ನೆತ್ತಿಯ ಮೇಲೆ ಕೂರುವುದರಿಂದ ಚಾವಣಿ ಎತ್ತರವಿರಬೇಕು. ಹಾಸು ಎಳೆಯಲು ಉದ್ದನೆಯ ಜಾಗ ಬೇಕು. ನೂಲು ಸುತ್ತುವ ಹೆಂಗಸರಿಗೆ, ಮುದುಕರಿಗೆ ಬೆಳಕಿರುವ ಮೂಲೆ ಬೇಕು. ಹಾಗಾಗಿ ನೇಕಾರರ ಮನೆಯಲ್ಲಿ ಮೊದಲು ಮಗ್ಗಕ್ಕೆ ಜಾಗ ಗೊತ್ತಾಗುತ್ತದೆ. ಉಳಿದದ್ದರಲ್ಲಿ ಅಡುಗೆ, ನಿದ್ದೆ, ದೇವರು, ಮಕ್ಕಳ ಓದು.

ಈಗ ಸರ್ಕಾರದ ಮನೆಯನ್ನು ನೋಡೋಣ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಬಯಲು ನಾಡಿನಲ್ಲಿ ಕೇಂದ್ರ ಮತ್ತು ರಾಜ್ಯ ಸೇರಿ ಕೊಡುವ ನೆರವು 1.20 ಲಕ್ಷ ರೂಪಾಯಿ. 2016ರಲ್ಲಿ ಗೊತ್ತು ಮಾಡಿದ ಈ ಮೊತ್ತ 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅಷ್ಟೇ ಉಳಿಯಿತು. ಈ ಎಂಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಮರಳು, ಗಾರೆಯವರ ಕೂಲಿ ಎಲ್ಲಿಗೆ ಹೋದವೆಂದು ಮನೆ ಕಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಣ ಒಮ್ಮೆಗೇ ಬರುವುದಿಲ್ಲ. ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ಹಂತಗಳಿವೆ. ಪ್ರತಿ ಹಂತಕ್ಕೂ ಜಿಪಿಎಸ್ ಚಿತ್ರ ತೆಗೆಯಬೇಕು, ಅದು ಒಪ್ಪಿಗೆಯಾಗಬೇಕು, ಆಮೇಲೆ ಖಾತೆಗೆ ಹಣ. ಕಳ್ಳತನ ತಡೆಯಲು ಮಾಡಿದ ಈ ವ್ಯವಸ್ಥೆಗೆ ಅದರದೇ ಆದ ಅರ್ಥವಿದೆ. ಆದರೆ ತಳಪಾಯವನ್ನು ಮೊದಲು ಸ್ವಂತ ಹಣದಲ್ಲಿ ಹಾಕಬೇಕು ಎಂದಾಗ ಸ್ವಂತ ಹಣವಿಲ್ಲದವರು ಏನು ಮಾಡಬೇಕು? ಬಡ್ಡಿಗೆ ತರಬೇಕು. ಮನೆಯಿಲ್ಲದವರಿಗಾಗಿ ಮಾಡಿದ ಯೋಜನೆಯಿಂದ ಮೊದಲ ಲಾಭ ಲೇವಾದೇವಿಯವರಿಗೆ. ಲಿಂಟಲ್ ಮಟ್ಟಕ್ಕೆ ನಿಂತು ಜಾಲಿ ಬೆಳೆದ ಗೋಡೆಗಳು ಬಯಲುಸೀಮೆಯ ಊರುಗಳಲ್ಲಿ ಅಪರೂಪವಲ್ಲ.

ಅಳತೆಯ ಪ್ರಶ್ನೆ ಹಣದ ಪ್ರಶ್ನೆಗಿಂತ ಆಳವಾದದ್ದು. 270 ಚದರಡಿಯೊಳಗೆ ಮಗ್ಗ ಇಟ್ಟರೆ ಮನುಷ್ಯರು ಹೊರಗೆ, ಮನುಷ್ಯರು ಇದ್ದರೆ ಮಗ್ಗ ಹೊರಗೆ. ಮಗ್ಗ ಹೊರಗೆ ಹೋದರೆ ಮನೆಯ ಹೆಂಗಸರ, ಮುದುಕರ ದುಡಿಮೆಯೂ ನಿಂತುಹೋಗುತ್ತದೆ. ಅವರು ದುಡಿಯುತ್ತಿದ್ದುದು ಮನೆಯೊಳಗೇ ಕೆಲಸ ಇದ್ದುದರಿಂದ. ಸರ್ಕಾರಕ್ಕೆ ಇದು ತಿಳಿಯದ ಸಂಗತಿ ಎನ್ನುವಂತಿಲ್ಲ. 1985-86ರಲ್ಲೇ ಕೇಂದ್ರ ಸರ್ಕಾರ ಕೈಮಗ್ಗ ನೇಕಾರರಿಗೆ ಮನೆ ಮತ್ತು ಕೆಲಸದ ಕೊಠಡಿ ಎರಡೂ ಇರುವ ಯೋಜನೆಯನ್ನು ತಂದಿತ್ತು. ಕರ್ನಾಟಕದಲ್ಲೂ ಕೈಮಗ್ಗ ನಿಗಮದ ಮೂಲಕ ಅಂಥ ಮನೆಗಳು ಎದ್ದವು. ಅಂದರೆ ಮಗ್ಗ ಸಹಿತ ಮನೆಯನ್ನು ಯೋಚಿಸುವ ಬುದ್ಧಿ ಪ್ರಭುತ್ವಕ್ಕೆ ಇತ್ತು. ಆದರೆ ಅದು ಜವಳಿ ಇಲಾಖೆಯ ವಿಶೇಷ ಯೋಜನೆಯಾಗಿ ಬದಿಗುಳಿಯಿತೇ ಹೊರತು ವಸತಿ ಇಲಾಖೆಯ ಸಾಮಾನ್ಯ ವಿವೇಕವಾಗಲಿಲ್ಲ. ವಸತಿ ಒಂದು ಕಡತ, ನೇಕಾರಿಕೆ ಇನ್ನೊಂದು ಕಡತ, ಕುರಿ ಮತ್ತೊಂದು. ಬದುಕು ಮಾತ್ರ ಒಂದೇ. 30-40ರ ನಿವೇಶನದಲ್ಲಿ ರೊಪ್ಪಕ್ಕೆ ಜಾಗವಿಲ್ಲವೆಂದು ಕುರಿ ಮಾರಿದ ಕುಟುಂಬ ಬಡತನದಿಂದ ಮೇಲೆದ್ದಿತೆಂದು ಅಂಕಿಅಂಶಗಳು ಹೇಳಿದರೆ ಆಶ್ಚರ್ಯವಿಲ್ಲ, ಯಾಕೆಂದರೆ ಅದಕ್ಕೆ ಪಕ್ಕಾ ಮನೆ ಬಂದಿದೆ.

ಇದರ ಕೆಳಗೆ ನೆಲದ ಪ್ರಶ್ನೆ ಇದೆ. ಹಟ್ಟಿಗಳು, ತಾಂಡಾಗಳು ಎಷ್ಟೋ ಕಾಲ ಕಂದಾಯದ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಮೂರು ತಲೆಮಾರು ಬದುಕಿದ ಮನೆಯ ಅಡಿಯ ನೆಲ ಬೇರೆಯವರ ಹೆಸರಿನಲ್ಲಿರುತ್ತಿತ್ತು, ಇಲ್ಲವೇ ಸರ್ಕಾರದ್ದಾಗಿರುತ್ತಿತ್ತು. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ 'ವಾಸಿಸುವವನೇ ಮನೆಯ ಒಡೆಯ' ಎಂಬ ಘೋಷಣೆಯೊಂದಿಗೆ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಗೊಲ್ಲರಹಟ್ಟಿ, ನಾಯಕರಹಟ್ಟಿ, ಕುರುಬರಹಟ್ಟಿ, ಲಂಬಾಣಿ ತಾಂಡಾ, ಹಾಡಿ, ದೊಡ್ಡಿ, ಪಾಳ್ಯಗಳ ಹೆಸರುಗಳು ಕಾನೂನಿನ ಪುಟವನ್ನು ಸೇರಿದವು. 'ಉಳುವವನೇ ಹೊಲದೊಡೆಯ' ಎಂಬ ಎಪ್ಪತ್ತರ ದಶಕದ ಮಾತಿನ ತಮ್ಮನಂತೆ ಹುಟ್ಟಿದ ಈ ಕಾನೂನು ಇತ್ತೀಚಿನ ದಶಕಗಳಲ್ಲಿ ಕರ್ನಾಟಕ ಕಂಡ ಅತ್ಯಂತ ಮುಖ್ಯವಾದ ವಸತಿ ಸುಧಾರಣೆ ಎಂದು ನಾವು ತಿಳಿಯುತ್ತೇವೆ. ಅದು ಇಟ್ಟಿಗೆ ಕೊಡಲಿಲ್ಲ, ಹಕ್ಕು ಕೊಟ್ಟಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಭಾರೀ ಸಮಾವೇಶ ನಡೆಸಿ ಹಕ್ಕುಪತ್ರ ಹಂಚಲಾಯಿತು. ಮೊದಲನೆಯದರಲ್ಲಿ ಒಂದು ಪಕ್ಷದ ಸರ್ಕಾರ, ಎರಡನೆಯದರಲ್ಲಿ ಇನ್ನೊಂದು ಪಕ್ಷದ್ದು. ಎರಡೂ ಕಡೆ ಹಕ್ಕು ಮತ್ತೆ ಕೊಡುಗೆಯ ವೇಷ ಹಾಕಿಕೊಂಡು ವೇದಿಕೆಗೆ ಬಂದದ್ದನ್ನೂ ಗಮನಿಸಬೇಕು.

ಬಡವರಿಗೆ ನಿವೇಶನ ಕೇಳಿದಾಗ ಕಚೇರಿಗಳಲ್ಲಿ ಸಿಗುವ ಸಿದ್ಧ ಉತ್ತರ 'ಜಾಗ ಇಲ್ಲ' ಎಂಬುದು. ಇದೇ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ನೆಲ ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಶೋಧನೆಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಇತರರಿಗೆ ಹಂಚಿಕೆಯಾಯಿತು. ಸುತ್ತಲ ಹಳ್ಳಿಗಳ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆ ಎದ್ದಿತು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಾವಲನ್ನು ನಿವೇಶನ ಮಾಡಿ ಹಂಚಬೇಕಿತ್ತೆಂದು ನಾವು ಹೇಳುತ್ತಿಲ್ಲ. ಅದು ಹುಲ್ಲಿನ, ದನಗಳ, ಕೃಷ್ಣಮೃಗಗಳ ನೆಲವಾಗಿ ಉಳಿಯಬೇಕಿತ್ತು. ನೆಲವಿದೆಯೋ ಇಲ್ಲವೋ ಎಂಬುದು ಕೇಳುವವರು ಯಾರು ಎಂಬುದರ ಮೇಲೆ ನಿಂತಿದೆ ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ಮನೆಯನ್ನು ಯಾರು ಕಟ್ಟಬೇಕು? ಸರ್ಕಾರ ಇಲ್ಲವೇ ಬಿಲ್ಡರ್ ಎಂಬ ಎರಡೇ ದಾರಿಗಳು ಇರುವಂತೆ ನಮ್ಮ ಚರ್ಚೆಗಳು ನಡೆಯುತ್ತವೆ. ಜಗತ್ತಿನ ಅನೇಕ ಕಡೆ ಮೂರನೆಯದೊಂದಿದೆ. ಲಾಭ ಮಾಡದ, ಸರ್ಕಾರವೂ ಅಲ್ಲದ, ಜನರೇ ಸೇರಿ ನಡೆಸುವ ವಸತಿ ಸಂಸ್ಥೆಗಳು ಅವು. ವಿಯೆನ್ನಾ ನಗರದ ಸುಮಾರು ಅರ್ಧದಷ್ಟು ಜನ ನಗರಾಡಳಿತದ ಇಲ್ಲವೇ ಇಂಥ ಲಾಭಮಿತಿಯ ಸಂಸ್ಥೆಗಳ ಮನೆಗಳಲ್ಲಿದ್ದಾರೆ. ಉರುಗ್ವೆಯಲ್ಲಿ 1968ರ ವಸತಿ ಕಾನೂನಿನ ನಂತರ ಬೆಳೆದ ಸಹಕಾರ ಸಂಘಗಳಲ್ಲಿ ಸದಸ್ಯ ಕುಟುಂಬಗಳು ವಾರಕ್ಕಿಷ್ಟು ಗಂಟೆ ಎಂದು ದುಡಿದು ಎಲ್ಲರ ಮನೆಗಳನ್ನೂ ಒಟ್ಟಿಗೆ ಕಟ್ಟುತ್ತವೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ, 'ಮುಯ್ಯಾಳು' ಎಂದರೆ ಸಾಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದರೆಂದೂ ದುಡಿದವರಿಗೆ ದುಡಿದಷ್ಟು ಕೂಲಿ ಸಿಗುತ್ತಿತ್ತೆಂದೂ ಈ ಸೀಮೆಯ ಜನ ಇಂದಿಗೂ ನಂಬುತ್ತಾರೆ. ಕೂಡಿ ಕಟ್ಟುವ ನೆನಪು ಇಲ್ಲಿ ಸತ್ತಿಲ್ಲ.

ಸಹಕಾರವೂ ಕನ್ನಡನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಹುಟ್ಟಿತು. ಆದರೆ 'ಗೃಹ ನಿರ್ಮಾಣ ಸಹಕಾರ ಸಂಘ' ಎಂದಾಗ ಇವತ್ತು ಕನ್ನಡಿಗರಿಗೆ ನೆನಪಾಗುವುದು ಬಡವರ ಮನೆಯಲ್ಲ, ಬೆಂಗಳೂರಿನ ಸೈಟುಗಳು. ಎಂಬತ್ತರ ದಶಕದಲ್ಲಿ ಈ ಸಂಘಗಳ ಅವ್ಯವಹಾರದ ವಿಚಾರಣೆಗೆ ಜಿ.ವಿ.ಕೆ. ರಾವ್ ಸಮಿತಿ ನೇಮಕವಾಗಬೇಕಾಯಿತು. ಮಧ್ಯವರ್ತಿಗಳ ಮೂಲಕ ರೈತರ ಜಮೀನು ಸ್ವಾಧೀನವಾದ ರೀತಿಯನ್ನು ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ತಳ್ಳಿಹಾಕಿತು. ಸಹಕಾರವೆಂಬ ಮಾತು ಅಲ್ಲಿ ರೈತರ ನೆಲವನ್ನು ಅಗ್ಗಕ್ಕೆ ಪಡೆದು ನೌಕರಿ ಇರುವವರಿಗೆ ಹಂಚುವ ಉಪಾಯವಾಗಿತ್ತು. ಸೈಟು ಕೈಗೆ ಬಂದ ದಿನ ಸಂಘದ ಕೆಲಸ ಮುಗಿಯುತ್ತಿತ್ತು. ಮನೆಯನ್ನು ಕಟ್ಟುವುದೂ ಇಲ್ಲ, ಬೀದಿಯನ್ನು ನೋಡಿಕೊಳ್ಳುವುದೂ ಇಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಉದಾಹರಣೆ ನಮ್ಮ ಗಡಿಯಾಚೆಗೇ ಇದೆ. ಸೊಲ್ಲಾಪುರ ಮರಾಠಿ, ಕನ್ನಡ, ತೆಲುಗು, ಉರ್ದು ಒಟ್ಟಿಗೇ ಕೇಳುವ ಊರು. ಅಲ್ಲಿನ ಬೀಡಿ ಕಟ್ಟುವ ಹೆಂಗಸರು ಸಿಐಟಿಯು ಸಂಘಟನೆಯಲ್ಲಿ, ನರಸಯ್ಯ ಆಡಂ ಅವರ ನಾಯಕತ್ವದಲ್ಲಿ ಮನೆಗಾಗಿ ವರ್ಷಗಟ್ಟಲೆ ಹೋರಾಡಿದರು. ತಮ್ಮದೇ ಸಹಕಾರ ಸಂಘ ಮಾಡಿಕೊಂಡು ಊರ ಪಕ್ಕದ ಕುಂಭಾರಿಯಲ್ಲಿ 10 ಸಾವಿರ ಮನೆಗಳ ಬಡಾವಣೆ ಕಟ್ಟಿಸಿದರು. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ದುಡಿಯುವ ಹೆಂಗಸು ಮೂವರೂ ವೆಚ್ಚವನ್ನು ಹಂಚಿಕೊಂಡರು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಅವನ್ನು ಹಸ್ತಾಂತರಿಸಿದರು. ಮುಂದೆ ಅದೇ ಜನ ಬೀಡಿ ಕಾರ್ಮಿಕರು, ವಿದ್ಯುತ್ ಮಗ್ಗದವರು, ಚಿಂದಿ ಆಯುವವರು, ಹೀಗೆ ಅಸಂಘಟಿತ ವಲಯದವರನ್ನೆಲ್ಲ ಸೇರಿಸಿಕೊಂಡು 30 ಸಾವಿರ ಮನೆಗಳ ರೇ ನಗರವನ್ನು ಕೈಗೆತ್ತಿಕೊಂಡರು. ಅದರ ಮೊದಲ 15 ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು.

ಕೆಂಬಾವುಟದ ಸಂಘಟನೆಯೊಂದು ಕಟ್ಟಿದ ಮನೆಯ ಕೀಲಿಯನ್ನು ಎರಡು ಭಿನ್ನ ಪಕ್ಷಗಳ ಪ್ರಧಾನಿಗಳು ಬಂದು ಕೊಡಬೇಕಾಯಿತು ಎಂಬುದರಲ್ಲಿ ಪಾಠವಿದೆ. ಸಂಘದ ಬಲವಿದ್ದರೆ ಯಾವ ಸರ್ಕಾರದಿಂದಲೂ ಹಣ ತರಬಹುದು, ಹಣ ತಂದಮಾತ್ರಕ್ಕೆ ಸಂಘವನ್ನು ಒತ್ತೆಯಿಡಬೇಕಾಗಿಲ್ಲ. ಸೊಲ್ಲಾಪುರವನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಊರಾಚೆ ಒಂದೇ ಅಳತೆಯ ಸಾವಿರಾರು ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ ಬಸ್ಸು, ನೀರು, ಶಾಲೆ, ಆಸ್ಪತ್ರೆಗಾಗಿ ಇನ್ನೊಂದು ಹೋರಾಟ ನಡೆಸಬೇಕು. ಆದರೆ ಆ ಹೋರಾಟಕ್ಕೆ ಸಂಘವೇ ಇದೆ. ಆಶ್ರಯ ಕಾಲೊನಿಯಲ್ಲಿ ನಲ್ಲಿ ಕೆಟ್ಟರೆ ಪ್ರತಿಯೊಬ್ಬ ಫಲಾನುಭವಿಯೂ ಪಂಚಾಯಿತಿ ಮುಂದೆ ಒಂಟಿ. ಸದಸ್ಯರಿಗೂ ಫಲಾನುಭವಿಗಳಿಗೂ ಇರುವ ಅಂತರ ಇಷ್ಟೇ, ಮತ್ತು ಇದು ಸಣ್ಣದಲ್ಲ.

'ಸಮುದಾಯ' ಎಂಬ ಮಾತನ್ನು ಬಳಸುವಾಗ ನಾವು ಎಚ್ಚರವಾಗಿರಬೇಕು. ನಮ್ಮಲ್ಲಿ ಸಮುದಾಯವೆಂದರೆ ಬಹಳ ಬೇಗ ಜಾತಿ ಎಂದಾಗುತ್ತದೆ, ಮತವೆಂದಾಗುತ್ತದೆ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಘ ತನ್ನ ಸದಸ್ಯತ್ವವನ್ನು ತನ್ನವರಿಗಷ್ಟೇ ಇಟ್ಟುಕೊಳ್ಳಬಹುದೆಂದು ಹೇಳಿತು. ಚಿಕ್ಕ ಸಮುದಾಯವೊಂದು ತನ್ನನ್ನು ಉಳಿಸಿಕೊಳ್ಳುವ ಹಂಬಲ ಅರ್ಥವಾಗುವಂಥದ್ದು. ಆದರೆ ಅದೇ ತತ್ವವನ್ನು ಬಲಾಢ್ಯರು ಹಿಡಿದರೆ ಬೇರೆಯವರಿಗೆ ಮುಚ್ಚಿದ ಬಾಗಿಲಾಗುತ್ತದೆ. ಪಟ್ಟಣಗಳಲ್ಲಿ ಬಾಡಿಗೆ ಮನೆ ಹುಡುಕುವ ಮುಸ್ಲಿಮರಿಗೆ, ದಲಿತರಿಗೆ ಮೊದಲು ಎದುರಾಗುವ ಪ್ರಶ್ನೆ ಎಷ್ಟು ಬಾಡಿಗೆ ಕೊಡುತ್ತೀರಿ ಎಂಬುದಲ್ಲ, ನಿಮ್ಮ ಹೆಸರೇನು ಎಂಬುದು. ಇದನ್ನು ಉಂಡವರು ತಮ್ಮದೇ ಬಡಾವಣೆ ಕಟ್ಟಿಕೊಂಡು ಅದರ ಬಾಗಿಲನ್ನೂ ಹೆಸರು ಕೇಳಿಯೇ ತೆಗೆದರೆ ಗಾಯಕ್ಕೆ ಮದ್ದಾಗುವುದಿಲ್ಲ. ಮನೆಯ ಸಂಘ ಜಾತಿಯ ಸುತ್ತ ಅಲ್ಲ, ದುಡಿಮೆಯ ಸುತ್ತ ಕಟ್ಟಿಕೊಳ್ಳಬೇಕು. ಮೊಳಕಾಲ್ಮೂರಿನ ಮಗ್ಗದ ಮೇಲೆ ಹಲವು ಜಾತಿಗಳ ಕೈ ಓಡುತ್ತದೆ. ಮಗ್ಗವೇ ಅಲ್ಲಿನ ಸಮುದಾಯವಾಗಬಹುದು.

ಸಮುದಾಯದ ಒಳಗಿನ ಅನ್ಯಾಯಕ್ಕೂ ಮನೆ ಕನ್ನಡಿ ಹಿಡಿಯುತ್ತದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ವಾಡಿಕೆ ಪೂರ್ತಿ ಅಳಿದಿಲ್ಲ. ಮಳೆ ಚಳಿಯಲ್ಲಿ ಅವರು ನರಳುವುದನ್ನು ತಪ್ಪಿಸಲೆಂದು ಸರ್ಕಾರ ಕೃಷ್ಣ ಕುಟೀರಗಳನ್ನು ಕಟ್ಟಿತು. ಇದು ಕರುಣೆಯೋ, ಹೊರಗಿಡುವಿಕೆಗೆ ಹಾಕಿದ ಕಾಂಕ್ರೀಟಿನ ಮುದ್ರೆಯೋ? ಎರಡೂ ಹೌದು. ಹಕ್ಕುಪತ್ರದಲ್ಲಿ ಹೆಣ್ಣಿನ ಹೆಸರಿದ್ದು, ಮನೆಯನ್ನು ನಡೆಸುವ ಸಂಘದಲ್ಲಿ ಅವಳ ಮತವಿದ್ದರೆ, ಅವಳನ್ನು ಅವಳದೇ ಮನೆಯಿಂದ ಮೂರು ದಿನ ಹೊರಗಿರಿಸುವುದು ಇಷ್ಟು ಸುಲಭವಾಗಿರುವುದಿಲ್ಲ.

ದಾನದ ಮನೆಗಳ ಬಗೆಗೂ ಒಂದು ಮಾತು. ನಾಡಿನ ಅನೇಕ ಕಡೆ ಜಮಾಅತ್‌ಗಳು, ಮಠಗಳು, ಚರ್ಚುಗಳು, ಉಳ್ಳವರು ಬಡವರಿಗೆ ಮನೆ ಕಟ್ಟಿಸಿಕೊಡುತ್ತಾರೆ. ಅವು ನಿಜವಾದ ಮನೆಗಳು. ಅವುಗಳಿಂದ ಎಷ್ಟೋ ವಿಧವೆಯರ, ಅನಾಥರ ತಲೆ ಮೇಲೆ ಸೂರು ಬಂದಿದೆ. ಇದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಬಾಗಿಲ ಮೇಲೆ ದಾನಿಯ ಹೆಸರಿನ ಕಲ್ಲು, ಕೀಲಿ ಕೊಡುವಾಗಿನ ಫೋಟೋ, ಭಾಷಣ ಇವೆಲ್ಲ ಸೇರಿದಾಗ ಸರ್ಕಾರದ ಆಶ್ರಯಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಧರ್ಮಗಳು ಗೋಡೆಗೆ ಮಾತ್ರ ವಿನಾಯಿತಿ ಕೊಟ್ಟಂತಿದೆ. ನಮ್ಮ ಪರಂಪರೆಯಲ್ಲಿ ವಕ್ಫ್ ಎಂಬ ಇನ್ನೊಂದು ತತ್ವವೂ ಇದೆ: ಆಸ್ತಿಯನ್ನು ಮಾರುವಂತಿಲ್ಲ, ಅದರ ಉಪಯೋಗ ಮಾತ್ರ ಗೊತ್ತುಮಾಡಿದವರಿಗೆ ತಲೆಮಾರುಗಳವರೆಗೂ ಸಲ್ಲಬೇಕು. ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ಕರಿಯ ರೈತರು ನೆಲವನ್ನು ಸಾಮೂಹಿಕ ಟ್ರಸ್ಟಿನಲ್ಲಿ ಇಟ್ಟುಕೊಂಡಾಗ ಅವರಿಗೆ ಹೊಳೆದದ್ದೂ ಇದೇ ಬಗೆಯ ವಿಚಾರ. ನೆಲ ಎಲ್ಲರದು, ಮನೆ ನಿನ್ನದು ಎಂಬ ಈ ವಿವೇಕವನ್ನು ಗೋರಿ, ಮಸೀದಿ, ಅಂಗಡಿ ಸಾಲುಗಳಾಚೆ ಬಡವರ ಬಾಡಿಗೆ ಮನೆಗಳಿಗೂ ಹಿಗ್ಗಿಸಲು ಸಾಧ್ಯವೇ ಎಂದು ನಾವು ಕೇಳಿಕೊಳ್ಳಬೇಕು.

ಚಳ್ಳಕೆರೆ-ಮೊಳಕಾಲ್ಮೂರಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲದೆ ಇಲ್ಲ. ನೇಕಾರರ ಸಹಕಾರ ಸಂಘಗಳಿವೆ, ಹೆಂಗಸರ ಸ್ವಸಹಾಯ ಗುಂಪುಗಳಿವೆ. ನೂಲಿಗೂ ಸಾಲಕ್ಕೂ ಒಟ್ಟಾಗುವವರು ಗೋಡೆಗೆ ಯಾಕೆ ಒಟ್ಟಾಗಬಾರದು? ಹತ್ತಿಪ್ಪತ್ತು ಕುಟುಂಬಗಳ ನೆರವನ್ನು ಸಂಘದ ಮೂಲಕ ಕೊಟ್ಟು, ತಳಪಾಯದ ಹಣವನ್ನು ಮುಂಗಡವಾಗಿ ಕೊಟ್ಟರೆ ಬಡ್ಡಿಯ ಬಾಗಿಲು ತಟ್ಟಬೇಕಾಗಿಲ್ಲ, ಇಟ್ಟಿಗೆ ಕಬ್ಬಿಣವನ್ನು ಒಟ್ಟಿಗೆ ಕೊಳ್ಳಬಹುದು. ಮಗ್ಗದ ಗುಂಡಿ, ಎತ್ತರದ ಚಾವಣಿ, ಬೀದಿಯಲ್ಲಿ ಹಾಸು ಎಳೆಯುವ ಜಾಗ ಇರುವ ನಕಾಶೆಯನ್ನು ನೇಕಾರರೇ ಬರೆಸಬಹುದು. ಹಟ್ಟಿಗಳಲ್ಲಿ ರೊಪ್ಪಗಳಿಗೆ ಸಾಮೂಹಿಕ ಜಾಗವನ್ನು ನಿವೇಶನದ ಜೊತೆಗೇ ಗುರುತಿಸಬಹುದು.

ಕಟ್ಟುವ ವಿದ್ಯೆಗೂ ದೂರ ಹೋಗಬೇಕಿಲ್ಲ. ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಘಟಕವನ್ನು ಕಟ್ಟಿದರು. ಕೆ.ಎಸ್. ಜಗದೀಶ್ ಮತ್ತು ಗೆಳೆಯರು ಅಲ್ಲಿ ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ಬೆಳೆಸಿದರು. ಅದೇ ಸಂಸ್ಥೆಗೆ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ದೊಡ್ಡ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ನಡೆಯುತ್ತದೆ. ಕಾವಲನ್ನು ಪಡೆದ ಋಣವನ್ನು ತೀರಿಸಲು ಆ ಮಣ್ಣಿನ ಇಟ್ಟಿಗೆಗಿಂತ ಒಳ್ಳೆಯ ದಾರಿ ಇದ್ದೀತೇ? ಮಾಳಿಗೆ ಮನೆಯ ತಂಪನ್ನು ಬಲ್ಲ ಗಾರೆಯವರು ಮತ್ತು ಇಟ್ಟಿಗೆಯ ಬಲವನ್ನು ಅಳೆಯಬಲ್ಲ ಎಂಜಿನಿಯರು ಗೋಡೆಯ ಎರಡು ಕಡೆಗೆ ಉಳಿದಿರುವುದು ವಿಜ್ಞಾನ ನಗರಕ್ಕೆ ಶೋಭೆಯಲ್ಲ.

ಸರ್ಕಾರದ ಹೊಣೆಯನ್ನು ಜನರ ಹೆಗಲಿಗೆ ವರ್ಗಾಯಿಸುವುದು ನಮ್ಮ ಉದ್ದೇಶವಲ್ಲ. ನೆಲ ಕೊಡುವುದು, ಹಣ ಕೊಡುವುದು, ನೀರು ದಾರಿ ಕೊಡುವುದು ಪ್ರಭುತ್ವದ ಕರ್ತವ್ಯ. ಜನ ತಾವೇ ಕಟ್ಟಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವ ಸರ್ಕಾರಗಳಿಗೆ ಈ ಬರಹ ಸಮರ್ಥನೆಯಾಗಬಾರದು. ನಾವು ಕೇಳುವುದು ಇಷ್ಟು: ಹಣ ಸಾರ್ವಜನಿಕರದ್ದಾಗಿರಲಿ, ನಿರ್ಧಾರ ವಾಸಿಸುವವರದ್ದಾಗಿರಲಿ. ಮೊಳಕಾಲ್ಮೂರಿನಲ್ಲಿ ಇನ್ನು ಮುಂದೆ ಏಳುವ ಒಂದೊಂದು ಮನೆಯ ಮುಂದೆಯೂ ನಿಂತು, ಇದರೊಳಗೆ ಮಗ್ಗ ಹಿಡಿಸುತ್ತದೆಯೇ, ಹೆಣ್ಣುಮಗಳ ಹೆಸರು ಪತ್ರದಲ್ಲಿದೆಯೇ, ನಲ್ಲಿ ಕೆಟ್ಟರೆ ಕೇಳಲು ಸಂಘವಿದೆಯೇ ಎಂದು ಕೇಳಬೇಕು. ಮೂರಕ್ಕೂ ಹೌದು ಎನ್ನುವ ಉತ್ತರ ಬಂದ ದಿನ ಆ ಮನೆಗೆ ಯಾರ ಹೆಸರಿಟ್ಟರೂ ನಮ್ಮ ತಕರಾರಿಲ್ಲ.